ಭಾವನೆ ಬತ್ತಿದರೂ ವಿಶ್ವಾಸ ಬತ್ತದಿರಲಿ



ಕಳೆದ ವರ್ಷ ತಪಸ್ಸುಕಾಲದ ಒಂದು ಶುಕ್ರವಾರ. ಶಿಲುಬೆ ಹಾದಿಯ ಪ್ರಾರ್ಥನೆ ಮುಗಿದು ಜನರೆಲ್ಲ ಮನೆಗೆ ಹೊರಟಿದ್ದರು. ದೀಪಗಳನ್ನು ಆರಿಸಲು ದೇವಾಲಯದೊಳಗೆ ಬಂದ ನನಗೆ, ಕೊನೆಯ ಬೆಂಚಿನಲ್ಲಿ ಒಬ್ಬ ತಾಯಿ ಇನ್ನೂ ಕುಳಿತಿರುವುದು ಕಂಡಿತು. ನಮ್ಮ ಧರ್ಮಕೇಂದ್ರದಲ್ಲಿ ಅನೇಕ ವರ್ಷಗಳಿಂದ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿರುವವರು ಅವರು. ಪತಿ ತೀರಿಕೊಂಡು ಒಂದೂವರೆ ವರ್ಷವಾಗಿತ್ತು.

“ಸ್ವಾಮಿ, ಮುಂದಿನ ತಿಂಗಳಿನಿಂದ ನಾನು ಪಾಠಕ್ಕೆ ಬರುವುದಿಲ್ಲ. ಬೇರೆ ಯಾರನ್ನಾದರೂ ನೋಡಿಕೊಳ್ಳಿ” ಎಂದರು. ಏಕೆಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಜಪಸರ ಹಿಡಿದರೆ ಬರೀ ಮಣಿ ಎಣಿಸಿದ ಹಾಗಾಗುತ್ತದೆ. ಪರಮಪ್ರಸಾದ ಸ್ವೀಕರಿಸಿ ಬಂದು ಕೂತರೂ ಮನಸ್ಸು ಕಲ್ಲಿನ ಹಾಗೇ ಇರುತ್ತದೆ. ಮೊದಲು ಹೀಗಿರಲಿಲ್ಲ. ಒಳಗೆ ಏನೂ ಇಲ್ಲದೆ ಮಕ್ಕಳ ಮುಂದೆ ನಿಂತು, ದೇವರು ನಿಮ್ಮನ್ನು ಪ್ರೀತಿಸುತ್ತಾರೆ ಅಂತ ಹೇಗೆ ಹೇಳಲಿ ಸ್ವಾಮಿ? ಅದು ನಾಟಕವಲ್ಲವೇ? ದೇವರಿಗೂ ಮೋಸ, ಮಕ್ಕಳಿಗೂ ಮೋಸ.”

ಗುರುಮಠದಲ್ಲಿ ವರ್ಷಗಟ್ಟಲೆ ತತ್ವಶಾಸ್ತ್ರ, ದೈವಶಾಸ್ತ್ರ ಓದಿದವನು ನಾನು. ಪುಸ್ತಕದ ಉತ್ತರಗಳು ನಾಲಿಗೆಯ ತುದಿಯಲ್ಲೇ ಇದ್ದವು. ಆದರೆ ಆ ತಾಯಿಯ ಮುಖ ನೋಡಿದಾಗ ಅವು ಯಾವುವೂ ಹೊರಗೆ ಬರಲಿಲ್ಲ. “ಒಂದು ವಾರ ತಾಳಿ ಅಮ್ಮ, ಮುಂದಿನ ಶುಕ್ರವಾರ ಮಾತನಾಡೋಣ” ಎಂದಷ್ಟೇ ಹೇಳಿ ಕಳುಹಿಸಿದೆ. ಆ ವಾರವೆಲ್ಲ ನಾನು ಯೋಚಿಸಿದ್ದನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಏಕೆಂದರೆ ಈ ಪ್ರಶ್ನೆ ಅವರೊಬ್ಬರದಲ್ಲ. ಈ ಪುಟ ಓದುತ್ತಿರುವ ನಿಮ್ಮಲ್ಲಿ ಅನೇಕರ ಮನದಲ್ಲೂ ಇದು ಇದೆ ಎಂದು ಬಲ್ಲೆ.

ನಾಟಕವೇ, ನಿಷ್ಠೆಯೇ?

ಮೊದಲು ‘ನಾಟಕ’ ಎಂಬ ಮಾತನ್ನೇ ತೆಗೆದುಕೊಳ್ಳೋಣ. ರಾತ್ರಿ ಎರಡು ಗಂಟೆಗೆ ಮಗು ಅಳುತ್ತದೆ. ದಿನವಿಡೀ ದುಡಿದು ದಣಿದ ತಾಯಿ ಏಳುತ್ತಾಳೆ. ಆ ಕ್ಷಣದಲ್ಲಿ ಅವಳ ಮನಸ್ಸಿನಲ್ಲಿ ವಾತ್ಸಲ್ಯ ಉಕ್ಕಿ ಹರಿಯುತ್ತಿರುತ್ತದೆಯೇ? ಇಲ್ಲ. ಕಣ್ಣು ಉರಿಯುತ್ತದೆ, ಮೈ ಭಾರ, ಸ್ವಲ್ಪ ಸಿಡುಕೂ ಬಂದಿರುತ್ತದೆ. ಆದರೂ ಏಳುತ್ತಾಳೆ, ಮಗುವನ್ನೆತ್ತಿ ಹಾಲುಣಿಸುತ್ತಾಳೆ. ಅವಳು ನಾಟಕವಾಡುತ್ತಿದ್ದಾಳೆ ಎಂದು ಯಾರಾದರೂ ಹೇಳುತ್ತಾರೆಯೇ? ಹಗಲಿನಲ್ಲಿ ಮಗುವಿನ ನಗೆ ಕಂಡು ಮುತ್ತಿಕ್ಕಿದ ಪ್ರೀತಿಗಿಂತ ನಡುರಾತ್ರಿಯ ಈ ಪ್ರೀತಿಯೇ ದೊಡ್ಡದೆಂದು ನಾವೆಲ್ಲ ಬಲ್ಲೆವು.

ನಾಟಕವೆಂದರೆ ದೇವರು ಬೇಡವೆಂದು ಮನಸ್ಸಿನಲ್ಲಿ ತೀರ್ಮಾನಿಸಿ, ಬೇಕೆಂದು ಜನರ ಮುಂದೆ ತೋರಿಸಿಕೊಳ್ಳುವುದು. ದೇವರು ಬೇಕು, ಆದರೆ ಸವಿ ಸಿಗುತ್ತಿಲ್ಲ ಎಂಬುದು ಬೇರೆ ಮಾತು. ಸವಿಯಿಲ್ಲದೆಯೂ ಬಂದು ಮೊಣಕಾಲೂರುವವರು ಮೋಸಗಾರರಲ್ಲ, ನಿಷ್ಠಾವಂತರು.

ವಿಶ್ವಾಸ ಎಂದರೇನು? 13ನೆಯ ಶತಮಾನದ ಮಹಾ ದೈವಶಾಸ್ತ್ರಜ್ಞರಾದ ಸಂತ ತೋಮಸ್ ಅಕ್ವಿನಾಸರು ಅದನ್ನು ವಿವರಿಸುವ ರೀತಿ ಹೀಗೆ: ದೇವರ ಕೃಪೆ ನಮ್ಮ ಸಂಕಲ್ಪವನ್ನು ಮುಟ್ಟುತ್ತದೆ, ಆ ಸಂಕಲ್ಪದ ಆಣತಿಯಂತೆ ನಮ್ಮ ಬುದ್ಧಿಯು ದೇವರು ತಿಳಿಸಿದ ಸತ್ಯಕ್ಕೆ ಹೌದು ಎನ್ನುತ್ತದೆ. ಕೃಪೆ, ಸಂಕಲ್ಪ, ಬುದ್ಧಿ ಈ ಮೂರು ಇಲ್ಲಿ ಮುಖ್ಯ. ಹೃದಯ ಕರಗುವುದು, ಕಣ್ಣು ತುಂಬುವುದು, ಮೈ ಜುಮ್ಮೆನ್ನುವುದು ಇವೆಲ್ಲ ಬಂದರೆ ಸಂತೋಷ. ಬಾರದಿದ್ದರೆ ವಿಶ್ವಾಸವೇ ಹೋಯಿತೆಂದು ಅರ್ಥವಲ್ಲ.

ಹಾಗೆಂದು ಭಾವನೆಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ. ಲಾಜರನ ಸಮಾಧಿಯ ಬಳಿ ಯೇಸುಸ್ವಾಮಿ ಕಣ್ಣೀರಿಟ್ಟರು. ಭಾವನೆಗಳೂ ದೇವರು ಕೊಟ್ಟ ವರವೇ. ಆದರೆ ಅವು ಮನೆಗೆ ಬಂದು ಹೋಗುವ ನೆಂಟರಂತೆ. ಬಂದಾಗ ಆದರಿಸಬೇಕು, ಹೊರಟಾಗ ಬಾಗಿಲವರೆಗೆ ಹೋಗಿ ಬೀಳ್ಕೊಡಬೇಕು. ನೆಂಟರು ಹೋದರೆಂದು ಮನೆಯ ಯಜಮಾನನೇ ಮನೆ ಬಿಟ್ಟು ಹೋಗುವುದುಂಟೇ?

ಬೆಟ್ಟದ ಮೇಲೆ, ತೋಟದ ಕತ್ತಲಲ್ಲಿ

ತಪಸ್ಸುಕಾಲದ ಎರಡನೆಯ ಭಾನುವಾರ ಪ್ರತಿವರ್ಷವೂ ನಮಗೆ ಓದಿ ಹೇಳುವ ಶುಭಸಂದೇಶ ಯಾವುದು? ಯೇಸುಸ್ವಾಮಿಯ ರೂಪಾಂತರ. ಪೇತ್ರ, ಯಕೋಬ, ಯೊವಾನ್ನ ಈ ಮೂವರನ್ನೇ ಪ್ರಭು ಬೆಟ್ಟದ ಮೇಲಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ಅವರ ಮುಖ ಸೂರ್ಯನಂತೆ ಪ್ರಕಾಶಿಸುತ್ತದೆ. ಪೇತ್ರನಿಗೆ ಆನಂದ ತಡೆಯಲಾಗುವುದಿಲ್ಲ. ಮೂರು ಗುಡಾರ ಹಾಕಿ ಅಲ್ಲೇ ಇದ್ದುಬಿಡೋಣ ಎನ್ನುತ್ತಾನೆ. ಆದರೆ ಪ್ರಭು ಅವರನ್ನು ಅಲ್ಲಿ ಇರಗೊಡುವುದಿಲ್ಲ, ಕೆಳಗಿಳಿಸಿ ಕರೆತರುತ್ತಾರೆ.

ಇನ್ನೊಂದು ರಾತ್ರಿ ಗೆತ್ಸೆಮನಿ ತೋಟದಲ್ಲಿ ಪ್ರಭು ಬೇರೆ ಶಿಷ್ಯರನ್ನು ಹಿಂದೆ ಬಿಟ್ಟು ಯಾರನ್ನು ಮುಂದಕ್ಕೆ ಕರೆದೊಯ್ದರು? ಅದೇ ಪೇತ್ರ, ಅದೇ ಯಕೋಬ, ಅದೇ ಯೊವಾನ್ನ. ಇದು ಆಕಸ್ಮಿಕವೇ? ಬೆವರು ರಕ್ತದ ಹನಿಯಂತೆ ಬೀಳುವ ಆ ಮುಖವನ್ನು ನೋಡಬೇಕಾದವರಿಗೇ ಪ್ರಕಾಶಿಸುವ ಮುಖವನ್ನು ಮೊದಲು ತೋರಿಸಲಾಗಿತ್ತು. ಬೆಟ್ಟದ ಆನಂದವನ್ನು ಕೊಟ್ಟದ್ದು ಬೆಟ್ಟದ ಮೇಲೆ ಉಳಿಯಲೆಂದಲ್ಲ, ತೋಟದ ಕತ್ತಲಲ್ಲಿ ನೆನಪಿಸಿಕೊಳ್ಳಲೆಂದು.

ಆದರೆ ಅವರು ನೆನಪಿಸಿಕೊಂಡರೇ? ಇಲ್ಲ. ನಿದ್ದೆ ಹೋದರು. ಆಮೇಲೆ ಓಡಿಹೋದರು. ಪೇತ್ರನಂತೂ ಮೂರು ಸಾರಿ ನಿರಾಕರಿಸಿದ. ಆಶ್ಚರ್ಯವೆಂದರೆ ಅದೇ ಪೇತ್ರರ ಹೆಸರಿನ ಎರಡನೆಯ ಪತ್ರದ ಮೊದಲ ಅಧ್ಯಾಯದಲ್ಲಿ ಏನಿದೆ ನೋಡಿ: ನಾವು ನಿಮಗೆ ಸಾರಿದ್ದು ಕಟ್ಟುಕಥೆಯಲ್ಲ, ಆ ಪವಿತ್ರ ಬೆಟ್ಟದ ಮೇಲೆ ಅವರ ಜೊತೆಯಲ್ಲಿದ್ದು ಅವರ ಮಹಿಮೆಯನ್ನು ಕಣ್ಣಾರೆ ಕಂಡಿದ್ದೇವೆ, ಆ ಧ್ವನಿಯನ್ನು ಕಿವಿಯಾರೆ ಕೇಳಿದ್ದೇವೆ ಎಂದು ಅಲ್ಲಿ ಹೇಳಿದೆ. ಅಂದು ಕಂಡ ಬೆಳಕು ಮುಂದೆ ಧರ್ಮಸಭೆಗೇ ಸಾಕ್ಷಿಯಾಯಿತು.

ನಮ್ಮ ರೈತರು ಸುಗ್ಗಿಯಲ್ಲಿ ಬೆಳೆದದ್ದನ್ನೆಲ್ಲ ಉಂಡು ಮುಗಿಸುತ್ತಿರಲಿಲ್ಲ. ಒಳ್ಳೆಯ ತೆನೆಗಳನ್ನು ಆರಿಸಿ, ಕಾಳು ಒಣಗಿಸಿ, ಬೂದಿ ಬೆರೆಸಿ ಬಿತ್ತನೆಗೆಂದು ಎತ್ತಿಡುತ್ತಿದ್ದರು. ಬೇಸಿಗೆಯಲ್ಲಿ ಕಣಜ ಬರಿದಾದರೂ ಬಿತ್ತನೆ ಬೀಜಕ್ಕೆ ಕೈ ಹಾಕುತ್ತಿರಲಿಲ್ಲ. ದೇವರು ಕೊಡುವ ಆನಂದದ ಕ್ಷಣವೂ ಹಾಗೆಯೇ. ಅಂದಿಗೆ ಅದು ಊಟ, ಮುಂದಿನ ಬರಗಾಲಕ್ಕೆ ಬೀಜ.

ಅಂಗಿಯಲ್ಲಿ ಹೊಲಿದಿಟ್ಟ ಕಾಗದ

ಈ ಬೀಜವನ್ನು ಎತ್ತಿಡುವುದು ಹೇಗೆಂದು ಫ್ರಾನ್ಸ್ ದೇಶದ ಒಬ್ಬ ವಿಜ್ಞಾನಿಯಿಂದ ಕಲಿಯಬಹುದು. ಬ್ಲೇಸ್ ಪ್ಯಾಸ್ಕಲ್ ಎಂಬ ಹೆಸರನ್ನು ನಿಮ್ಮ ಮಕ್ಕಳು ಶಾಲೆಯ ವಿಜ್ಞಾನ ಪಾಠದಲ್ಲಿ, ದ್ರವಗಳ ಒತ್ತಡದ ನಿಯಮದಲ್ಲಿ ಓದಿರುತ್ತಾರೆ. 1654ರ ನವೆಂಬರ್ 23ರ ರಾತ್ರಿ, ಸುಮಾರು ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ, 31 ವರ್ಷದ ಪ್ಯಾಸ್ಕಲರಿಗೆ ದೇವರ ಸಾನ್ನಿಧ್ಯದ ಆಳವಾದ ಅನುಭವವಾಯಿತು. ತತ್ವಜ್ಞಾನಿಗಳು ವಾದಿಸುವ ದೇವರಲ್ಲ, ಅಬ್ರಹಾಮ, ಈಸಾಕ, ಯಕೋಬರ ಜೀವಂತ ದೇವರೇ ತಮ್ಮನ್ನು ಮುಟ್ಟಿದರೆಂದು ಅವರಿಗೆ ಖಚಿತವಾಯಿತು.

ಅವರು ಏನು ಮಾಡಿದರು? ಒಂದು ಕಾಗದ ತೆಗೆದುಕೊಂಡು ವರ್ಷ, ವಾರ, ತಾರೀಖು, ಆ ದಿನ ಸ್ಮರಿಸುವ ಸಂತರ ಹೆಸರು, ಗಂಟೆ ಎಲ್ಲವನ್ನೂ ದಸ್ತಾವೇಜು ಬರೆದಂತೆ ಬರೆದರು. ಆಮೇಲೆ ತಮಗಾದ ಆನಂದವನ್ನು ಚಿಕ್ಕ ಚಿಕ್ಕ ಮಾತುಗಳಲ್ಲಿ ಬರೆದಿಟ್ಟರು. ಅದನ್ನು ಯಾರಿಗೂ ತೋರಿಸದೆ ಮೇಲಂಗಿಯ ಒಳಪದರದಲ್ಲಿ ಹೊಲಿದುಕೊಂಡರು. ಅಂಗಿ ಬದಲಾದಾಗ ಅದನ್ನು ಬಿಚ್ಚಿ ಹೊಸ ಅಂಗಿಗೆ ಹೊಲಿದರು. 1662ರಲ್ಲಿ ಅವರು ತೀರಿಕೊಂಡ ಮೇಲೆಯೇ ಅದು ಮನೆಯವರ ಕೈಗೆ ಸಿಕ್ಕಿತು. ಆ ನಡುವಿನ ಸುಮಾರು ಎಂಟು ವರ್ಷ ಕಾಯಿಲೆ, ನೋವು, ವಾದವಿವಾದಗಳ ವರ್ಷಗಳು. ಆದರೂ ಆ ಎರಡು ಗಂಟೆಗಳ ಸಾಕ್ಷ್ಯ ಎದೆಯ ಹತ್ತಿರವೇ ಇತ್ತು. ಅವರು ಹುಟ್ಟಿ 400 ವರ್ಷ ತುಂಬಿದ 2023ರಲ್ಲಿ, ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸರು ಅವರನ್ನು ಕುರಿತು ಒಂದು ಪ್ರೇಷಿತ ಪತ್ರವನ್ನೇ ಬರೆದರು.

ಗಂಟೆಯನ್ನೂ ಮರೆಯದೆ ಬರೆದಿಡುವುದು ಹೊಸ ಅಭ್ಯಾಸವೇನಲ್ಲ. ಸಂತ ಯೊವಾನ್ನರ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಇಬ್ಬರು ಶಿಷ್ಯರು ಮೊದಲ ಬಾರಿಗೆ ಯೇಸುಸ್ವಾಮಿಯ ಜೊತೆ ತಂಗಿದ ಪ್ರಸಂಗವಿದೆ. ಅಲ್ಲಿ ಏನು ಮಾತನಾಡಿದರೆಂದು ಬರೆದಿಲ್ಲ. ಆದರೆ ಆಗ ಸಂಜೆ ಸುಮಾರು ನಾಲ್ಕು ಗಂಟೆಯಾಗಿತ್ತು ಎಂದು ಬರೆದಿದೆ! ಪ್ರೀತಿಗೆ ಇಂಥ ನೆನಪಿರುತ್ತದೆ.

ಕತ್ತಲಲ್ಲೂ ನಗುಮುಖ

‘ಪ್ಯಾಸ್ಕಲರು ಪಂಡಿತರು, ನಾವು ಸಾಮಾನ್ಯರು’ ಎನ್ನುವಿರಾ? ಹಾಗಾದರೆ ನಮ್ಮ ಮಕ್ಕಳಿಗೂ ಗೊತ್ತಿರುವ ಸಂತ ಮದರ್ ತೆರೇಸಾರನ್ನು ನೋಡೋಣ. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ, ಕಡುಬಡವರ ನಡುವೆ ಹೋಗಿ ಸೇವೆ ಮಾಡೆಂಬ ಪ್ರಭುವಿನ ಕರೆ ಅವರಿಗೆ ಕೇಳಿಸಿತು. ಅದರ ಮುಂದಿನ ತಿಂಗಳುಗಳಲ್ಲಿ ಪ್ರಾರ್ಥನೆಯಲ್ಲಿ ಪ್ರಭು ಬಹು ಹತ್ತಿರವಿದ್ದಂತೆ ಅನುಭವವಾಯಿತು. ಆದರೆ ಕಲ್ಕತ್ತೆಯ ಕೊಳೆಗೇರಿಗಳಲ್ಲಿ ಕೆಲಸ ಆರಂಭವಾದ ಮೇಲೆ ಆ ಸವಿ ಮಾಯವಾಯಿತು. ಪ್ರಾರ್ಥನೆ ಒಣಗಿತು. ದೇವರು ತಮ್ಮನ್ನು ಬೇಡವೆಂದು ಬಿಟ್ಟಂತೆ ಅವರಿಗೆ ಅನಿಸಿತು. 1958ರಲ್ಲಿ ಕೆಲವು ವಾರ ಮಾತ್ರ ಆ ಕತ್ತಲು ಸರಿದು ಮತ್ತೆ ಕವಿಯಿತು. 1997ರಲ್ಲಿ ತೀರಿಕೊಳ್ಳುವವರೆಗೂ ಹೆಚ್ಚು ಕಡಿಮೆ ಹಾಗೆಯೇ ಇತ್ತು.

ಇದು ಲೋಕಕ್ಕೆ ವಿವರವಾಗಿ ತಿಳಿದದ್ದು ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ. ‘ನೋಡಿ, ಇವರಿಗೂ ವಿಶ್ವಾಸವಿರಲಿಲ್ಲ’ ಎಂದು ಕೆಲವರು ಆಡಿಕೊಂಡರು. ಧರ್ಮಸಭೆ ಆ ಪತ್ರಗಳನ್ನು ಬಚ್ಚಿಡಲಿಲ್ಲ. 2016ರ ಸೆಪ್ಟೆಂಬರ್ 4ರಂದು ಅವರನ್ನು ಸಂತರೆಂದು ಘೋಷಿಸಿತು. ಏಕೆ? ಸುಮಾರು ಐವತ್ತು ವರ್ಷ ಸವಿಯಿಲ್ಲದೆಯೂ ದಿನ ಬೆಳಗಾದರೆ ಬಲಿಪೂಜೆ, ಪರಮಪ್ರಸಾದದ ಮುಂದೆ ಆರಾಧನೆ, ಆಮೇಲೆ ಸಾಯುತ್ತಿರುವವರ ಸೇವೆ. ಅದು ವಿಶ್ವಾಸವಲ್ಲದೆ ಇನ್ನೇನು? ರೈಲಿನಲ್ಲಿ ಕೇಳಿದ ಮಾತು ಸತ್ಯವೆಂದು ಅವರು ಕೊನೆಯವರೆಗೂ ನಂಬಿದರು. ಅವರ ಸಭೆಯ ಭಗಿನಿಯರು ಇಂದಿಗೂ ಸೆಪ್ಟೆಂಬರ್ 10ನ್ನು ಆ ಪ್ರೇರಣೆಯ ದಿನವೆಂದು ಆಚರಿಸುತ್ತಾರೆ.

ನಾವು ಮಾಡಬೇಕಾದದ್ದು

ಪ್ರಿಯರೇ, ಕೇಳಿ ತಲೆದೂಗಿದರೆ ಸಾಲದು. ಮನಸ್ಸು ಒಣಗಿದಾಗ ನಾವು ಮಾಡಬೇಕಾದ ಕೆಲವು ಕೆಲಸಗಳಿವೆ.

ಒಂದು, ಕತ್ತಲಲ್ಲಿ ತೀರ್ಮಾನ ಬದಲಿಸಬೇಡಿ. ಇದು ಲೊಯೋಲಾದ ಸಂತ ಇನ್ಯಾಸಿಯವರು ತಮ್ಮ ‘ಆಧ್ಯಾತ್ಮಿಕ ಸಾಧನೆಗಳು’ ಗ್ರಂಥದಲ್ಲಿ ಕೊಟ್ಟ ನಿಯಮ. ಮನಸ್ಸು ತಿಳಿಯಾಗಿದ್ದಾಗ ಮಾಡಿದ ಒಳ್ಳೆಯ ನಿರ್ಧಾರವನ್ನು ಮನಸ್ಸು ಕದಡಿದಾಗ ಮುರಿಯಬಾರದು. ಸಮಾಧಾನವಿರುವಾಗಲೇ, ಮುಂದೆ ಬರಬಹುದಾದ ಬರಗಾಲಕ್ಕೆ ಬಲ ಕೂಡಿಸಿಕೊಳ್ಳಬೇಕೆಂದೂ ಅವರು ಹೇಳುತ್ತಾರೆ. ದಂಪತಿಗಳೇ, ಇದು ನಿಮಗೂ ಸಲ್ಲುತ್ತದೆ. ಬಲಿಪೀಠದ ಮುಂದೆ ಕೈ ಹಿಡಿದು ನೀವು ಕೊಟ್ಟದ್ದು ಮಾತು. ಸುಖದಲ್ಲೂ ದುಃಖದಲ್ಲೂ ಜೊತೆಯಲ್ಲಿರುತ್ತೇನೆಂಬ ಮಾತು. ‘ಈಗ ಮೊದಲಿನ ಪ್ರೀತಿ ಅನಿಸುವುದಿಲ್ಲ’ ಎಂಬ ಒಂದೇ ಕಾರಣಕ್ಕೆ ಆ ಮಾತು ರದ್ದಾಗುವುದಿಲ್ಲ.

ಎರಡು, ಬರೆದಿಡಿ. ಮನೆಯ ಬೈಬಲಿನ ಹಿಂದಿನ ಖಾಲಿ ಪುಟ ಸಾಕು. ಮಗಳ ಪ್ರಥಮ ಪರಮಪ್ರಸಾದದ ದಿನ, ವರ್ಷಗಳ ಬಳಿಕ ಪಾಪನಿವೇದನೆ ಮಾಡಿ ಹೊರಬಂದಾಗ ಎದೆ ಹಗುರವಾದ ಸಂಜೆ, ಮುನಿಸಿಕೊಂಡ ತಮ್ಮ ಮತ್ತೆ ಮನೆಯ ಹೊಸಿಲು ತುಳಿದ ದಿನ ಇವುಗಳನ್ನು ತಾರೀಖು ಹಾಕಿ ಬರೆಯಿರಿ. ಸಾಲದ ಲೆಕ್ಕ, ಹಾಲಿನ ಲೆಕ್ಕ ಬರೆದಿಡುವ ನಾವು ದೇವರ ಉಪಕಾರದ ಲೆಕ್ಕವನ್ನೇಕೆ ಬರೆಯುವುದಿಲ್ಲ?

ಮೂರು, ಪ್ರಾರ್ಥನೆಯ ವೇಳೆಯನ್ನು ಕಡಿಮೆ ಮಾಡಬೇಡಿ. ಮಾತು ಹೊರಡದಿದ್ದರೆ ಕೀರ್ತನೆಗಳನ್ನು ತೆರೆಯಿರಿ. 42ನೆಯ ಕೀರ್ತನೆಯ ಭಕ್ತನಿಗೆ ಹಗಲಿರುಳು ಕಣ್ಣೀರೇ ಊಟ. ಆದರೂ ಅವನು ಹಿಂದೆ ಜನರೊಡನೆ ಹಾಡುತ್ತಾ ದೇವಾಲಯಕ್ಕೆ ಹೋಗುತ್ತಿದ್ದುದನ್ನು ನೆನೆಯುತ್ತಾನೆ. ನೆನೆದು, ತನ್ನ ಮನಸ್ಸಿಗೆ ತಾನೇ ಬುದ್ಧಿ ಹೇಳಿಕೊಳ್ಳುತ್ತಾನೆ. ಶಿಲುಬೆಯ ಮೇಲೆ ಯೇಸುಸ್ವಾಮಿ ಕೂಗಿದ್ದು 22ನೆಯ ಕೀರ್ತನೆಯ ಮೊದಲ ಮಾತನ್ನು. ಕೈಬಿಟ್ಟಂತಾದ ಸಂಕಟದಿಂದ ಶುರುವಾಗುವ ಆ ಕೀರ್ತನೆಯೂ, ಪಿತೃಗಳು ನಂಬಿ ನಿರಾಶರಾಗಲಿಲ್ಲವೆಂದು ನೆನೆಯುತ್ತಾ ಮುಂದೆ ಸಾಗುತ್ತದೆ.

ಇನ್ನೊಂದು ಎಚ್ಚರಿಕೆಯ ಮಾತು. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಯಾವ ಕೆಲಸದಲ್ಲೂ ಮನಸ್ಸಿಲ್ಲದೆ, ಬದುಕೇ ಬೇಡವೆನಿಸಿದರೆ ಅದು ಬರೀ ಪ್ರಾರ್ಥನೆಯ ಶುಷ್ಕತೆ ಅಲ್ಲದಿರಬಹುದು; ಖಿನ್ನತೆ ಎಂಬ ಕಾಯಿಲೆ ಇರಬಹುದು. ಜ್ವರ ಬಂದರೆ ವೈದ್ಯರ ಬಳಿ ಹೋಗುವ ಹಾಗೆ ಇದಕ್ಕೂ ತಡಮಾಡದೆ ಹೋಗಿ. ಅದು ವಿಶ್ವಾಸದ ಕೊರತೆಯಲ್ಲ, ನಾಚಿಕೆಪಡುವ ವಿಷಯವೂ ಅಲ್ಲ. ಅಂಥವರಿಗೆ ‘ಪ್ರಾರ್ಥನೆ ಮಾಡು, ಸರಿಹೋಗುತ್ತದೆ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳಬೇಡಿ. ಜೊತೆಯಲ್ಲಿ ಆಸ್ಪತ್ರೆಗೆ ಹೋಗಿ.

ಒಂದು ಹಳೆಯ ನೋಟ್‌ಬುಕ್ಕು

ನನ್ನದೊಂದು ಮಾತನ್ನೂ ಹೇಳಿಬಿಡುತ್ತೇನೆ. ಉಪದೇಶ ಮಾಡುವವನಿಗೆ ಬರಗಾಲ ಬರುವುದಿಲ್ಲವೆಂದು ತಿಳಿಯಬೇಡಿ. ನನಗೆ ಗುರುದೀಕ್ಷೆಯಾಗಿ ಆರನೆಯ ವರ್ಷದಲ್ಲಿ ನಮ್ಮವ್ವ ತೀರಿಹೋದಳು. ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ನನ್ನ ಪ್ರಾರ್ಥನೆ ಗೋಡೆಗೆ ಹೇಳಿದಂತಿತ್ತು. ಸತ್ತವರ ಮನೆಗೆ ಹೋಗಿ ಪುನರುತ್ಥಾನದ ಬಗ್ಗೆ ಬೋಧಿಸಿ, ಬೀದಿಗೆ ಬಂದ ಮೇಲೆ ನನ್ನ ಮಾತು ನನಗೇ ಬರಿದೆನಿಸುತ್ತಿತ್ತು. ಆ ತಾಯಿಯ ‘ನಾಟಕ’ ಎಂಬ ಮಾತು ನನ್ನನ್ನು ಚುಚ್ಚಿದ್ದು ಅದಕ್ಕೇ.

ಒಂದು ದಿನ ಕಪಾಟು ಒರೆಸುವಾಗ ಹಳೆಯ ನೋಟ್‌ಬುಕ್ಕು ಸಿಕ್ಕಿತು. ಗುರುದೀಕ್ಷೆಯ ಸಂಜೆ ಬರೆದ ಒಂದು ಪುಟ ಅದರಲ್ಲಿತ್ತು. ಧರ್ಮಾಧ್ಯಕ್ಷರು ಲೇಪಿಸಿದ ಪವಿತ್ರ ತೈಲದ ಪರಿಮಳ ಇನ್ನೂ ಅಂಗೈಯಲ್ಲಿರುವಾಗ ಅವ್ವ ಬಂದು ಆಶೀರ್ವಾದಕ್ಕೆ ತಲೆಬಾಗಿದ್ದಳು. ಅವಳ ತಲೆಯ ಮೇಲೆ ಕೈಯಿಟ್ಟಾಗ, ದೇವರು ಇಲ್ಲೇ ಇದ್ದಾರೆಂಬುದು ನನಗೆ ಎಷ್ಟು ನಿಶ್ಚಯವಾಗಿತ್ತೆಂದು ಅಲ್ಲಿ ಬರೆದಿತ್ತು. ಓದಿದೆ. ಆ ಆನಂದವೇನೂ ಮತ್ತೆ ಬರಲಿಲ್ಲ. ಆದರೆ ಒಂದು ಮಾತು ಸ್ಪಷ್ಟವಾಯಿತು: ಆ ಸಂಜೆ ಸುಳ್ಳಲ್ಲ. ಅಂದು ಕಂಡದ್ದನ್ನು ಅಳಿಸಿಹಾಕುವ ಅಧಿಕಾರ ಇಂದಿನ ನನ್ನ ಬೇಸರಕ್ಕಿಲ್ಲ. ಮಾರನೆಯ ಬೆಳಿಗ್ಗೆ ಎಂದಿನಂತೆ ಬಲಿಪೂಜೆ ಅರ್ಪಿಸಿದೆ. ತುಂಬಾ ದಿನಗಳ ಮೇಲೆ ನಿಧಾನವಾಗಿ, ಹನಿ ಹನಿಯಾಗಿ, ಬಾವಿಯಲ್ಲಿ ನೀರು ಒಸರತೊಡಗಿತು.

ಮುಂದಿನ ಶುಕ್ರವಾರ ಆ ತಾಯಿ ಬಂದರು. ನಾನು ಬೋಧಿಸಲಿಲ್ಲ, ಒಂದೇ ಪ್ರಶ್ನೆ ಕೇಳಿದೆ: “ಅಮ್ಮ, ದೇವರು ಇದ್ದಾರೆ, ನನ್ನ ಹತ್ತಿರವೇ ಇದ್ದಾರೆ ಅಂತ ನಿಮಗೆ ಎಂದಾದರೂ ಅನಿಸಿದ್ದುಂಟೇ?”

ಬಹಳ ಹೊತ್ತು ಯೋಚಿಸಿದರು. ಆಮೇಲೆ, ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಮಗನಿಗೆ ಪಾಸ್ಖ ಜಾಗರಣೆಯ ರಾತ್ರಿ ಜ್ಞಾನಸ್ನಾನ ಮಾಡಿಸಿದ್ದನ್ನು ಹೇಳಿದರು. ಪತಿ ಮೇಣದಬತ್ತಿ ಹಿಡಿದಿದ್ದರಂತೆ. ಅವರ ಕೈ ನಡುಗಿ ಮೇಣ ಮಗುವಿನ ಬಟ್ಟೆಯ ಮೇಲೆ ಬಿದ್ದಿತ್ತಂತೆ. “ಆ ಬಟ್ಟೆ ಇನ್ನೂ ಇದೆ ಸ್ವಾಮಿ. ಕಲೆ ಹೋಗಿಲ್ಲ” ಎಂದರು.

“ಅಂದು ನಿಮಗೆ ಅನಿಸಿದ್ದು ಸುಳ್ಳೇ ಅಮ್ಮ?”

“ಇಲ್ಲ ಸ್ವಾಮಿ.” ಕಣ್ಣೊರೆಸಿಕೊಂಡರು. “ಅದು ಸುಳ್ಳಲ್ಲ.”

“ಹಾಗಾದರೆ ಭಾನುವಾರ ಮಕ್ಕಳಿಗೆ ಅದನ್ನೇ ಹೇಳಿ. ಇವತ್ತು ನಿಮಗೆ ಏನನಿಸುತ್ತದೆ ಎಂದಲ್ಲ, ಅಂದು ನೀವು ಏನು ಕಂಡಿರಿ ಎಂದು ಹೇಳಿ.”

ಅವರು ಪಾಠ ಬಿಡಲಿಲ್ಲ. ಇತ್ತೀಚೆಗೆ ಹೇಗಿದ್ದೀರೆಂದು ಕೇಳಿದೆ. “ಇನ್ನೂ ಹಾಗೇ ಇದೆ ಸ್ವಾಮಿ. ಕೆಲವು ದಿನ ಸ್ವಲ್ಪ ವಾಸಿ. ಆದರೆ ಬರುತ್ತೇನೆ” ಎಂದರು. ಪ್ರಿಯರೇ, ‘ಆದರೆ ಬರುತ್ತೇನೆ’ ಎಂಬ ಈ ಮಾತಿಗಿಂತ ದೊಡ್ಡ ವಿಶ್ವಾಸ ಪ್ರಮಾಣವನ್ನು ನಾನು ಹೆಚ್ಚು ಕೇಳಿಲ್ಲ.

ನೀವೂ ಇಂದು ರಾತ್ರಿ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಒಂದು ನಿಮಿಷ ಕುಳಿತು, ದೇವರು ನಿಮಗೆ ಕೊಟ್ಟ ಅಂಥ ಒಂದು ದಿನವನ್ನು ಮನೆಯವರ ಮುಂದೆ ಹೇಳಿ. ಮಕ್ಕಳು ಕೇಳಲಿ. ನಾಳೆ ಅವರ ಬರಗಾಲಕ್ಕೆ ಅದೇ ಬಿತ್ತನೆ ಬೀಜವಾದೀತು.

ಪ್ರಭುವೇ, ನಿಮ್ಮ ಸವಿ ನಮಗೆ ಸಿಗದ ದಿನಗಳಲ್ಲೂ ನಿಮ್ಮ ಬಳಿಯೇ ಇರುವ ವರವನ್ನು ನಮಗೆ ಕೊಡಿ. ಬೆಳಕಿನಲ್ಲಿ ನೀವು ತೋರಿಸಿದ್ದನ್ನು ಕತ್ತಲಲ್ಲಿ ಮರೆಯದಂತೆ ನಮ್ಮನ್ನು ಕಾಪಾಡಿ. ಆಮೆನ್.